ಸಭಾಂಗಣಕ್ಕೆ ಶ್ರುತಿ ಹಿಡಿದ ಮೇಷ್ಟರು ವಾಲೇಸ್ ಸೇಬಿನ್

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆಯ ಹಿರಿಯರನ್ನು ಸಿನಿಮಾದ ಬಗ್ಗೆ ಮಾತಿಗೆಳೆದರೆ ಟೂರಿಂಗ್ ಟಾಕೀಸಿನ ಪ್ರಸ್ತಾಪ ಬಾರದೆ ಇರದು. ಊರಾಚೆಯ ಬಯಲಿನಲ್ಲಿ ಎದ್ದ ಡೇರೆ, ಮುಂದೆ ನೆಲದ ಮರಳು, ಅದರ ಹಿಂದೆ ಬೆಂಚು, ಕೊನೆಗೆ ಒಂದಿಷ್ಟು ಕುರ್ಚಿ. ಆಟ ಆರಂಭವಾಗುವ ಮುನ್ನ ಹಾರ್ನ್ ಸ್ಪೀಕರಿನಿಂದ ಊರಿಗೆಲ್ಲ ಕೇಳುವಂತೆ ಹರಿದುಬರುತ್ತಿದ್ದ ಭಕ್ತಿಗೀತೆ. ಪರದೆಯ ಹಿಂದಿದ್ದ ಧ್ವನಿವರ್ಧಕ ಸಾಮಾನ್ಯದ್ದು. ಆದರೂ ಅಲ್ಲಿ ಒಂದು ಸೌಕರ್ಯವಿತ್ತು. ಧ್ವನಿ ಕ್ಷೀಣವಾದೀತೇ ಹೊರತು, ಒಂದು ಮಾತು ಇನ್ನೊಂದರೊಡನೆ ಕಲಸಿಹೋಗುತ್ತಿರಲಿಲ್ಲ. ಬಟ್ಟೆಯ ಗೋಡೆಯನ್ನು ದಾಟಿ, ತೆರೆದ ಬದಿಗಳಿಂದ ಹೊರನುಗ್ಗಿ ಬಯಲಿಗೆ ಹೋದ ಶಬ್ದ ಮರಳಿ ಬರುತ್ತಿರಲಿಲ್ಲ.

ಮುಂದೆ ಡೇರೆಗಳು ಮರೆಯಾಗಿ ಇಟ್ಟಿಗೆ, ಗಾರೆ, ಸಿಮೆಂಟಿನ ಕಾಯಂ ಚಿತ್ರಮಂದಿರಗಳು ಬಂದವು. ಯಂತ್ರಗಳು ದೊಡ್ಡವಾದವು, ಧ್ವನಿಯೂ ದೊಡ್ಡದಾಯಿತು. ಆದರೆ ಸರಿಯಾಗಿ ಕಟ್ಟದ ಮಂದಿರಗಳಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನಿಗೆ ಶಬ್ದವೆಲ್ಲ ಕೇಳಿಸುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಇಂದು ದುಬಾರಿ ಸರೌಂಡ್ ಸೌಂಡ್ ವ್ಯವಸ್ಥೆಯನ್ನು ಕೂರಿಸಿದ ಕೆಲವು ಕಡೆಗಳಲ್ಲಿಯೂ ಇದೇ ದೂರು ಕೇಳಿಬರುತ್ತದೆ. ತಪ್ಪು ಯಂತ್ರದ್ದೇ ಆಗಿರಬೇಕಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದು ಗೋಡೆಯದು.

ಗೋಡೆಯ ತಪ್ಪನ್ನು ಅಂಕಿಗಳಲ್ಲಿ ಹಿಡಿದು ತೋರಿಸಿದ ಮೊದಲಿಗರು ವಾಲೇಸ್ ಕ್ಲೆಮೆಂಟ್ ಸೇಬಿನ್. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದಿದ ಅನೇಕರಿಗೆ ಸೇಬಿನ್ ಸೂತ್ರ ಪರಿಚಿತ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿ, ಆಮೇಲೆ ಮರೆತವರೇ ಹೆಚ್ಚು. ಆ ಒಂದು ಸಾಲಿನ ಸೂತ್ರಕ್ಕಾಗಿ ಒಬ್ಬ ಮೇಷ್ಟರು ವರ್ಷಗಟ್ಟಲೆ ನಿದ್ದೆಗೆಟ್ಟು ಮೆತ್ತೆಗಳನ್ನು ಹೊತ್ತು ತಿರುಗಿದ ಕಥೆ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಓಹಿಯೋದಿಂದ ಹಾರ್ವರ್ಡಿಗೆ

ಸೇಬಿನ್ ಜನಿಸಿದ್ದು 1868ರ ಜೂನ್ 13ರಂದು, ಅಮೆರಿಕದ ಓಹಿಯೋ ರಾಜ್ಯದ ರಿಚ್‌ವುಡ್ ಎಂಬ ಸಣ್ಣ ಊರಿನಲ್ಲಿ. ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ತಾಯಿ ಆ್ಯನಾ ಅವರದು ಕಟ್ಟುನಿಟ್ಟಿನ ನಿಲುವು. ಮಗ ನಿರೀಕ್ಷೆಯನ್ನು ಹುಸಿಗೊಳಿಸಲಿಲ್ಲ. ಹದಿನೆಂಟನೆಯ ವಯಸ್ಸಿಗೆ, 1886ರಲ್ಲಿ, ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಪದವಿ ಪಡೆದು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಂದರು. 1888ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಅಲ್ಲಿಯೇ ಭೌತಶಾಸ್ತ್ರದ ಬೋಧಕರಾದರು.

ಮಿತಭಾಷಿ, ಸಂಕೋಚದ ಸ್ವಭಾವದವರು. ಡಾಕ್ಟರೇಟ್ ಪದವಿಯನ್ನು ಅವರು ಎಂದೂ ಪಡೆಯಲಿಲ್ಲ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವುದರಲ್ಲೇ ಅವರ ಸಮಯ ಕಳೆಯುತ್ತಿತ್ತು. ಸಂಶೋಧನೆಯಲ್ಲಿ ಹೆಸರು ಮಾಡುವ ಲಕ್ಷಣಗಳು ಯಾರಿಗೂ ಕಂಡಿರಲಿಲ್ಲ. ಅವರ ಜೀವನದ ದಿಕ್ಕನ್ನು ಬದಲಿಸಿದ್ದು ವಿಶ್ವವಿದ್ಯಾಲಯದ ಆಡಳಿತದಿಂದ ಬಂದ ಒಂದು ದುರಸ್ತಿ ಕೆಲಸ.

ಪಾಠ ಕೇಳದ ಕೊಠಡಿ

1895ರಲ್ಲಿ ಹಾರ್ವರ್ಡ್‌ನಲ್ಲಿ ಫಾಗ್ ಕಲಾ ಸಂಗ್ರಹಾಲಯ ಆರಂಭವಾಯಿತು. ಅದರ ಉಪನ್ಯಾಸ ಮಂದಿರ ನೋಡಲು ಚೆನ್ನಾಗಿತ್ತು, ಉಪಯೋಗಕ್ಕೆ ಬರುತ್ತಿರಲಿಲ್ಲ. ಅಧ್ಯಾಪಕರು ಆಡಿದ ಒಂದು ಪದದ ಸದ್ದು ಖಾಲಿ ಕೊಠಡಿಯಲ್ಲಿ ಐದೂವರೆ ಸೆಕೆಂಡುಗಳವರೆಗೆ ಉಳಿಯುತ್ತಿತ್ತು. ಅಷ್ಟರಲ್ಲಿ ಸಾಮಾನ್ಯ ಮಾತುಗಾರ ಹತ್ತು ಹನ್ನೆರಡು ಪದಗಳನ್ನು ಆಡಿ ಮುಗಿಸಿರುತ್ತಾನೆ. ಮೊದಲ ಪದ ಸಾಯುವ ಮುನ್ನವೇ ಹತ್ತನೆಯದು ಅದರ ಮೇಲೆ ಬೀಳುತ್ತಿತ್ತು. ವಿದ್ಯಾರ್ಥಿಗಳ ಕಿವಿಗೆ ತಲುಪುತ್ತಿದ್ದುದು ಬರೀ ಗುಂಯ್‌ಗುಡುವಿಕೆ.

ಹೀಗೆ ಶಬ್ದ ಗೋಡೆಯಿಂದ ಗೋಡೆಗೆ ಬಡಿದು ನಿಧಾನವಾಗಿ ಅಡಗುವುದನ್ನು ಅನುರಣನ ಎನ್ನುತ್ತಾರೆ. ಪ್ರತಿಧ್ವನಿಗೂ ಇದಕ್ಕೂ ವ್ಯತ್ಯಾಸವುಂಟು. ಪ್ರತಿಧ್ವನಿಯಲ್ಲಿ ಶಬ್ದ ಬಿಡಿಬಿಡಿಯಾಗಿ ಮರಳಿ ಬರುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಅದು ಗೊತ್ತು. ಅನುರಣನದಲ್ಲಿ ಸಾವಿರಾರು ಪ್ರತಿಫಲನಗಳು ಒಂದರೊಳಗೊಂದು ಬೆರೆತು ಒಂದೇ ಬಾಲದಂತೆ ಎಳೆಯುತ್ತವೆ.

ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಈ ಕೊಠಡಿಗೆ ಏನಾದರೂ ಮಾಡುವಂತೆ ಭೌತಶಾಸ್ತ್ರ ವಿಭಾಗವನ್ನು ಕೇಳಿದರು. ಹೊಣೆ ಬಂದದ್ದು ಇಪ್ಪತ್ತೇಳರ ಹರೆಯದ ಸೇಬಿನ್ ಅವರ ಹೆಗಲಿಗೆ. ಅಂದಿನ ಕಾಲಕ್ಕೆ ಸಭಾಂಗಣದ ಧ್ವನಿ ಅದೃಷ್ಟದ ಮಾತಾಗಿತ್ತು. ಮೇಲಿನಿಂದ ತಂತಿಗಳನ್ನು ಎಳೆಯುವುದು, ಇಂತಿಷ್ಟು ಉದ್ದಕ್ಕೆ ಇಂತಿಷ್ಟು ಅಗಲವೆಂಬ ನಂಬಿಕೆಯ ಲೆಕ್ಕ ಹಾಕುವುದು ಮುಂತಾದ ಉಪಾಯಗಳು ರೂಢಿಯಲ್ಲಿದ್ದವು. ಯಾವುದಕ್ಕೂ ಆಧಾರವಿರಲಿಲ್ಲ.

ನಡುರಾತ್ರಿಯ ಮೆತ್ತೆಗಳು

ಸೇಬಿನ್ ಊಹೆಗೆ ಕೈಹಾಕಲಿಲ್ಲ, ಅಳೆಯಲು ಹೊರಟರು. ಶಬ್ದವನ್ನು ಅಳೆಯುವ ಮೈಕ್ ಆಗಲಿ, ಮೀಟರಾಗಲಿ ಆಗ ಇರಲಿಲ್ಲ. ಸಂಪೀಡಿತ ಗಾಳಿಯಿಂದ ನುಡಿಯುವ, ಸೆಕೆಂಡಿಗೆ 512 ಕಂಪನಗಳ ಒಂದು ಆರ್ಗನ್ ಕೊಳವೆ, ಕಾಲವನ್ನು ಗುರುತಿಸುವ ಒಂದು ಯಂತ್ರ, ಮತ್ತು ತಮ್ಮ ಕಿವಿ, ಇಷ್ಟೇ ಅವರ ಉಪಕರಣಗಳು. ಕೊಳವೆಯನ್ನು ನುಡಿಸಿ ನಿಲ್ಲಿಸಿದ ಕ್ಷಣದಿಂದ ಸದ್ದು ಕಿವಿಗೆ ಕೇಳದಾಗುವ ಕ್ಷಣದವರೆಗಿನ ಕಾಲವನ್ನು ಸೆಕೆಂಡಿನ ನೂರನೆಯ ಭಾಗದ ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು.

ಹಗಲಿನಲ್ಲಿ ಈ ಕೆಲಸ ಆಗುವಂತಿರಲಿಲ್ಲ. ಬೀದಿಯ ಟ್ರಾಮು, ವಿದ್ಯಾರ್ಥಿಗಳ ಓಡಾಟ ಎಲ್ಲವೂ ಅಡ್ಡಿ. ಆದ್ದರಿಂದ ಮಧ್ಯರಾತ್ರಿಯ ನಂತರ ಕೆಲಸ ಆರಂಭ. ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಸಹಾಯಕರ ಜೊತೆಗೂಡಿ ಹೊತ್ತು ತಂದು ಫಾಗ್ ಕೊಠಡಿಯಲ್ಲಿ ಹರಡುವುದು, ಅಳೆಯುವುದು, ಇನ್ನಷ್ಟು ಹರಡುವುದು, ಮತ್ತೆ ಅಳೆಯುವುದು. ಬೆಳಗಿನ ಹೊತ್ತಿಗೆ ಮೆತ್ತೆಗಳೆಲ್ಲ ರಂಗಮಂದಿರದ ಆಸನಗಳಿಗೆ ಮರಳಿರಬೇಕು.

ಬರಿಯ ಕೊಠಡಿಯಲ್ಲಿ ಸದ್ದು ಕೇಳುತ್ತಿದ್ದುದು 5.62 ಸೆಕೆಂಡು. 8.2 ಮೀಟರ್ ಉದ್ದದಷ್ಟು ಮೆತ್ತೆ ತಂದಿಟ್ಟಾಗ ಅದು 5.33ಕ್ಕೆ ಇಳಿಯಿತು. ಮೆತ್ತೆ ಹೆಚ್ಚಿದಂತೆ ಕಾಲ ಇಳಿಯುತ್ತ ಹೋಯಿತು. ಆಸನ, ವೇದಿಕೆ, ಓಡಾಡುವ ದಾರಿ ಎಲ್ಲವನ್ನೂ ಮುಚ್ಚಿ, ಹಿಂದಿನ ಗೋಡೆಗೂ ಮೆತ್ತೆಗಳನ್ನು ಏರಿಸಿದಾಗ 1.14 ಸೆಕೆಂಡಿಗೆ ಬಂತು. ಇನ್ನೊಂದು ಸಂಗತಿಯೂ ಗೋಚರಿಸಿತು. ಕೇಳುವವರು ಎಲ್ಲಿ ಕುಳಿತರೂ, ಮೆತ್ತೆಯನ್ನು ಎಲ್ಲಿಟ್ಟರೂ ಅಂಕಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅನುರಣನ ಕೊಠಡಿಯ ಒಂದು ಮೂಲೆಯ ಗುಣವಲ್ಲ, ಇಡೀ ಕೊಠಡಿಯ ಗುಣ ಎಂಬುದು ಇದರಿಂದ ಖಚಿತವಾಯಿತು.

ಅವರ ನಿಷ್ಠೆ ಎಂಥದೆಂಬುದಕ್ಕೆ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಮೂರು ಸಾವಿರಕ್ಕೂ ಹೆಚ್ಚು ಅಳತೆಗಳಾದ ಮೇಲೆ ಅಂಕಿಗಳಲ್ಲಿ ಸಣ್ಣ ಏರುಪೇರು ಇರುವುದು ಅವರ ಗಮನಕ್ಕೆ ಬಂತು. ಕಾರಣ ಹುಡುಕಿದರೆ ಅದು ಅವರದೇ ಉಡುಪು. ದಪ್ಪ ಬಟ್ಟೆ ತೊಟ್ಟ ರಾತ್ರಿ ಕೊಠಡಿಯಲ್ಲಿ ಶಬ್ದವನ್ನು ಹೀರುವ ವಸ್ತು ಸ್ವಲ್ಪ ಹೆಚ್ಚು, ತೆಳು ಬಟ್ಟೆಯ ರಾತ್ರಿ ಸ್ವಲ್ಪ ಕಡಿಮೆ. ಸೇಬಿನ್ ಆ ಎಲ್ಲ ಅಳತೆಗಳನ್ನೂ ಕೈಬಿಟ್ಟು ಮೊದಲಿನಿಂದ ಆರಂಭಿಸಿದರು. ಅಲ್ಲಿಂದಾಚೆಗೆ ಪ್ರತಿ ಪ್ರಯೋಗಕ್ಕೂ ಅದೇ ಕೋಟು, ಅದೇ ಷರಾಯಿ, ಅದೇ ಬೂಟು.

ವರ್ಷಗಳು ಉರುಳಿದವು. ಅಧ್ಯಕ್ಷ ಎಲಿಯಟ್ ತಾಳ್ಮೆ ಕಳೆದುಕೊಂಡರು. ಸಾಕಷ್ಟು ಅಳೆದದ್ದಾಯಿತು, ಈಗ ಕೊಠಡಿಯನ್ನು ರಿಪೇರಿ ಮಾಡಿಕೊಡಬೇಕು ಎಂದು ಒತ್ತಾಯಿಸಿದರು. ಕೊನೆಗೆ ಗೋಡೆಗಳಿಗೆ ಕೂದಲಿನಿಂದ ಮಾಡಿದ ಫೆಲ್ಟ್ ಹೊದಿಸಲಾಯಿತು. ಕೊಠಡಿ ಅತ್ಯುತ್ತಮವಾಗಲಿಲ್ಲ, ಪಾಠ ಕೇಳುವಷ್ಟು ಮಟ್ಟಿಗೆ ಸರಿಹೋಯಿತು.

ತೆರೆದ ಕಿಟಕಿಯೇ ಅಳತೆಗೋಲು

ಒಂದು ಕೊಠಡಿ ಸರಿಹೋದ ಮಾತ್ರಕ್ಕೆ ಶಾಸ್ತ್ರ ಹುಟ್ಟುವುದಿಲ್ಲ. ಸ್ಯಾಂಡರ್ಸ್ ರಂಗಮಂದಿರದ ಮೆತ್ತೆಗಳು ಬೇರೆ ಊರಿನಲ್ಲಿಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಅಳತೆಗೋಲು ಬೇಕಿತ್ತು. ಸೇಬಿನ್ ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು. ಕಿಟಕಿಯಿಂದ ಹೊರಹೋದ ಶಬ್ದ ಒಳಗೆ ಬರುವುದಿಲ್ಲ. ಆದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿ ಪೂರ್ಣ ಹೀರಿಕೆಗೆ ಸಮ. ಉಳಿದೆಲ್ಲ ವಸ್ತುಗಳನ್ನು ಅದರೊಡನೆ ತೂಗಿ ನೋಡಿದರು. ಗಾರೆ ಮೆತ್ತಿದ ಗಟ್ಟಿ ಗೋಡೆಯ ಬೆಲೆ ಕೇವಲ 0.025, ಎಂದರೆ ಅಂಥ ನಲವತ್ತು ಚದರ ಮೀಟರ್ ಗೋಡೆ ಒಂದು ಚದರ ಮೀಟರ್ ಕಿಟಕಿಗೆ ಸಮ. ಒತ್ತಾಗಿ ಕುಳಿತ ಜನರ ಒಂದು ಚದರ ಮೀಟರಿನ ಬೆಲೆ 0.96. ಒಬ್ಬೊಬ್ಬ ವ್ಯಕ್ತಿಯದು 0.44. ಸಭೆಯಲ್ಲಿ ಕೂತವರು ಬರೀ ಕೇಳುಗರಲ್ಲ, ಅವರೂ ಸಭಾಂಗಣದ ಒಂದು ಭಾಗವೆಂಬ ಸತ್ಯ ಮೊದಲ ಬಾರಿಗೆ ಅಂಕಿಯ ರೂಪದಲ್ಲಿ ಹೊರಬಂತು.

ನಮ್ಮ ಟೂರಿಂಗ್ ಟಾಕೀಸಿನ ಗುಟ್ಟೂ ಇದರಲ್ಲಿಯೇ ಇದೆ. ಬದಿಗಳು ತೆರೆದ ಡೇರೆಯೆಂದರೆ ಹೆಚ್ಚುಕಡಿಮೆ ಬರೀ ಕಿಟಕಿಯಿಂದಲೇ ಕಟ್ಟಿದ ಮನೆ.

1898ರ ಅಕ್ಟೋಬರ್ ಅಂತ್ಯದ ಒಂದು ರಾತ್ರಿ ಮನೆಯಲ್ಲಿ ಕುಳಿತು ಅಂಕಿಗಳನ್ನು ಮತ್ತೊಮ್ಮೆ ರೇಖಾಚಿತ್ರಕ್ಕೆ ಇಳಿಸುತ್ತಿದ್ದಾಗ ಅವುಗಳ ಹಿಂದಿನ ನಿಯಮ ಹೊಳೆಯಿತು. ಆ ವಕ್ರರೇಖೆ ಗಣಿತದಲ್ಲಿ ಅತಿಪರವಲಯವೆಂದು ಹೆಸರಾದದ್ದು. ಅನುರಣನದ ಕಾಲವನ್ನು ಒಟ್ಟು ಹೀರಿಕೆಯಿಂದ ಗುಣಿಸಿದರೆ ಆ ಕೊಠಡಿಗೆ ಯಾವಾಗಲೂ ಒಂದೇ ಉತ್ತರ. ಮೌನಿಯಾದ ಮಗ ಸಂಭ್ರಮ ತಡೆಯಲಾರದೆ ಪಕ್ಕದ ಕೋಣೆಯಲ್ಲಿದ್ದ ತಾಯಿಗೆ ಕೂಗಿ ಹೇಳಿದರೆಂದು ಅವರ ಜೀವನ ಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಇಂದು ನಾವು ಬಳಸುವ ರೂಪದಲ್ಲಿ ಹೇಳುವುದಾದರೆ, ಸಭಾಂಗಣದ ಘನಗಾತ್ರವನ್ನು ಘನ ಮೀಟರಿನಲ್ಲಿ ಹಿಡಿದು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ಶಬ್ದದ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್‌ನಷ್ಟು, ಇಳಿಯಲು ಬೇಕಾದ ಕಾಲವಿದು.

ಬಾಸ್ಟನ್ ಒಡ್ಡಿದ ಪರೀಕ್ಷೆ

ಸೂತ್ರ ಸಿಕ್ಕ ಗಳಿಗೆಯೂ ಸರಿಯಾಗಿಯೇ ಬಂತು. ಬಾಸ್ಟನ್ ಸಿಂಫನಿ ವಾದ್ಯವೃಂದದ ಸ್ಥಾಪಕ ಹೆನ್ರಿ ಲೀ ಹಿಗಿನ್ಸನ್ ಹೊಸ ಸಂಗೀತ ಮಂದಿರವನ್ನು ಕಟ್ಟಿಸಲು ಹೊರಟಿದ್ದರು. ಅದಕ್ಕೆ ಸೇಬಿನ್ ಅವರ ಸಲಹೆ ಪಡೆಯುವಂತೆ ಎಲಿಯಟ್ ಸೂಚಿಸಿದರು. ಅದುವರೆಗೆ ಹಿಂಜರಿಯುತ್ತಿದ್ದ ಸೇಬಿನ್, ನಿಯಮ ಕೈಗೆ ಬಂದ ಮೇಲೆ ಒಪ್ಪಿಕೊಂಡರು. ಕೆಟ್ಟ ಕೊಠಡಿಯನ್ನು ಸರಿಪಡಿಸುವುದು ಬೇರೆ, ಇನ್ನೂ ಕಟ್ಟದ ಮಂದಿರ ಹೇಗೆ ಕೇಳಿಸೀತೆಂದು ಕಾಗದದ ಮೇಲೆ ಹೇಳುವುದು ಬೇರೆ. ಅಂಥ ಸಾಹಸವನ್ನು ಮೊದಲು ಯಾರೂ ಮಾಡಿರಲಿಲ್ಲ.

ಜರ್ಮನಿಯ ಲೈಪ್ಜಿಗ್ ನಗರದ ಗೆವಾಂಡ್‌ಹೌಸ್ ಎಂಬ ಪ್ರಸಿದ್ಧ ಸಂಗೀತ ಮಂದಿರ ಮಾದರಿಯಾಗಿತ್ತು. ಅದರ ಆಸನಗಳು 1,560. ಬಾಸ್ಟನ್ನಿಗೆ ಬೇಕಾದದ್ದು 2,579. ಮಾದರಿಯನ್ನೇ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಸಾಕೆಂದು ಯಾರಿಗಾದರೂ ತೋರುವುದು ಸಹಜ. ಸೇಬಿನ್ ಲೆಕ್ಕ ಹಾಕಿ ತೋರಿಸಿದರು. ಹಾಗೆ ಮಾಡಿದರೆ ಘನಗಾತ್ರ ಎರಡು ಪಟ್ಟಿಗೂ ಹೆಚ್ಚಾಗಿ, ಅನುರಣನ 2.30 ಸೆಕೆಂಡಿನಿಂದ 3.02ಕ್ಕೆ ಏರುತ್ತಿತ್ತು, ಸಂಗೀತ ಕಲಸಿಹೋಗುತ್ತಿತ್ತು. ಆಕಾರವನ್ನು ತಿದ್ದಿ, ಅವರು ಹೊಸ ಮಂದಿರಕ್ಕೆ ನಿಗದಿ ಮಾಡಿದ್ದು 2.31 ಸೆಕೆಂಡು. ಮಾದರಿಗೂ ಇದಕ್ಕೂ ಇದ್ದ ಅಂತರ ಸೆಕೆಂಡಿನ ನೂರನೆಯ ಒಂದು ಭಾಗ.

1900ರ ಅಕ್ಟೋಬರ್ 15ರಂದು ಬಾಸ್ಟನ್ ಸಿಂಫನಿ ಹಾಲ್ ತೆರೆಯಿತು. ಅದೇ ವರ್ಷ ಆಗಸ್ಟಿನಲ್ಲಿ ಸೇಬಿನ್ ವೈದ್ಯೆ ಜೇನ್ ಕೆಲ್ಲಿ ಅವರನ್ನು ವಿವಾಹವಾಗಿದ್ದರು. ಎರಡು ಸಂತೋಷಗಳ ನಡುವೆ ಒಂದು ಕಹಿಯೂ ಬೆರೆಯಿತು. ಹೊಸ ಮಂದಿರದ ಧ್ವನಿಯನ್ನು ಕೆಲವು ಸಂಗೀತ ವಿಮರ್ಶಕರು ಮೆಚ್ಚಲಿಲ್ಲ. ಹಳೆಯದಕ್ಕೆ ಒಗ್ಗಿದ ಕಿವಿಗಳಿಗೆ ಹೊಸದು ರುಚಿಸಲು ಕಾಲ ಹಿಡಿಯಿತು. ಸೇಬಿನ್ ವಾದಕ್ಕೆ ಇಳಿಯಲಿಲ್ಲ. ಇಂದು ವಿಯೆನ್ನಾ ಮತ್ತು ಆಮ್‌ಸ್ಟರ್‌ಡಾಮ್ ನಗರಗಳ ಸಂಗೀತ ಮಂದಿರಗಳ ಸಾಲಿನಲ್ಲಿ ಜಗತ್ತಿನ ಅತ್ಯುತ್ತಮವಾದವುಗಳಲ್ಲಿ ಒಂದೆಂದು ಅದನ್ನು ಎಣಿಸುತ್ತಾರೆ. ಆಧುನಿಕ ಉಪಕರಣಗಳಿಂದ ಅಳೆದಾಗ ಜನ ತುಂಬಿದ ಸಭೆಯ ಅನುರಣನ ಸುಮಾರು 1.9 ಸೆಕೆಂಡು ಎಂದು ಕಂಡುಬಂದಿದೆ. ಸೇಬಿನ್ ಅವರ ಅಂಕಿಗೂ ಇದಕ್ಕೂ ಅಂತರವಿದೆ. ಆದರೆ ಬರೀ ಕಿವಿ ಮತ್ತು ಕೊಳವೆಯನ್ನು ನಂಬಿ ಹಿಡಿದ ದಾರಿ ಸರಿಯಾಗಿತ್ತು.

ಕಿವಿಯ ರುಚಿಗೂ ಒಂದು ಅಂಕಿ

ಎಷ್ಟು ಅನುರಣನ ಒಳ್ಳೆಯದು ಎಂಬ ಪ್ರಶ್ನೆಗೆ ಭೌತಶಾಸ್ತ್ರ ಉತ್ತರ ಕೊಡಲಾರದು, ಅದನ್ನು ಕೇಳುವವರೇ ಹೇಳಬೇಕು. 1902ರಲ್ಲಿ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಸಂಗೀತ ಶಾಲೆಯಲ್ಲಿ ಸೇಬಿನ್ ಈ ಪ್ರಶ್ನೆಯನ್ನು ಸಂಗೀತಗಾರರ ಮುಂದಿಟ್ಟರು. ಐದು ಕೊಠಡಿಗಳಲ್ಲಿ ಪಿಯಾನೊ ನುಡಿಸುತ್ತ, ಮೆತ್ತೆಗಳನ್ನು ತರುತ್ತ, ತೆಗೆಯುತ್ತ, ಯಾವಾಗ ಹಿತವಾಗಿದೆಯೆಂದು ಕೇಳಿದರು. ಕೊಠಡಿಗಳು ಬೇರೆ ಬೇರೆಯಾದರೂ ಒಪ್ಪಿಗೆ ಬಂದದ್ದು ಹೆಚ್ಚುಕಡಿಮೆ ಒಂದೇ ಅಂಕಿಗೆ, ಸರಾಸರಿ 1.08 ಸೆಕೆಂಡು. ಅಭಿರುಚಿಯೆಂಬುದು ಗಾಳಿಗೋಪುರವಲ್ಲ, ನುರಿತ ಕಿವಿಗಳು ಅಚ್ಚರಿಯೆನಿಸುವಷ್ಟು ನಿಖರವಾಗಿ ಒಂದೆಡೆ ಸೇರುತ್ತವೆ ಎಂದು ಇದರಿಂದ ತಿಳಿಯಿತು.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. 1913ರಲ್ಲಿ ಪ್ರಕಟವಾದ ರಂಗಮಂದಿರಗಳ ಕುರಿತ ಪ್ರಬಂಧಕ್ಕಾಗಿ ಕಟ್ಟಡಗಳ ಸಣ್ಣ ಮಾದರಿಗಳನ್ನು ಮಾಡಿ, ಅವುಗಳ ಒಳಗೆ ವಿದ್ಯುತ್ ಕಿಡಿಯಿಂದ ಶಬ್ದದ ಅಲೆಯನ್ನು ಎಬ್ಬಿಸಿ, ಆ ಅಲೆ ಯಾವ ಗೋಡೆಗೆ ಬಡಿದು ಯಾವ ಸಾಲಿನ ಮೇಲೆ ಬೀಳುತ್ತದೆ ಎಂಬುದರ ಛಾಯಾಚಿತ್ರ ತೆಗೆದರು. ಕಣ್ಣಿಗೆ ಕಾಣದ ದೋಷ ಕಾಗದದ ಮೇಲೆ ಮೂಡಿತು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿಯೇ ಹುಟ್ಟಿದ್ದ ನಾಟಕ ಕಂಪನಿಯಂಥ ಮೇಳಗಳು ಆ ಕಾಲದಲ್ಲಿ ಮೈಕ್ ಇಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸುವ ಕೆಲಸವನ್ನು ನಟರ ಗಂಟಲಿಗೆ ಒಪ್ಪಿಸಿದ್ದವು. ಆ ಭಾರದ ಒಂದು ಪಾಲನ್ನು ಕಟ್ಟಡವೂ ಹೊರಬಲ್ಲದು ಎಂಬುದು ಸೇಬಿನ್ ಅವರ ಪ್ರತಿಪಾದನೆ.

ಐವತ್ತರಲ್ಲೇ ಮುಗಿದ ಬಾಳು

ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಡೀನ್ ಆಗಿ ಆಡಳಿತದ ಹೊಣೆಯನ್ನೂ ಹೊತ್ತರು. ಮೊದಲ ಮಹಾಯುದ್ಧ ಬಂದಾಗ ಅವರು ಸುಮ್ಮನೆ ಕೂರಲಿಲ್ಲ. ಯುರೋಪಿಗೆ ಹೋಗಿ ಪರಿಹಾರ ಕಾರ್ಯದಲ್ಲಿ ತೊಡಗಿದರು. 1917ರಲ್ಲಿ ಪ್ಯಾರಿಸ್ಸಿನ ಸಾರ್ಬಾನ್ ವಿಶ್ವವಿದ್ಯಾಲಯದಲ್ಲಿ ಧ್ವನಿವಿಜ್ಞಾನವನ್ನು ಕುರಿತು ಉಪನ್ಯಾಸ ನೀಡಿದರು. ಬಳಿಕ ಯುದ್ಧವಿಮಾನಗಳಿಗೆ ಸಂಬಂಧಿಸಿದ ಕೆಲಸಕ್ಕೆ ಇಳಿದರು. ಅಲ್ಲಿಯೇ ಅವರನ್ನು ಮೂತ್ರಪಿಂಡದ ಕಾಯಿಲೆ ಹಿಡಿಯಿತು.

ಸ್ವದೇಶಕ್ಕೆ ಮರಳಿದ ಮೇಲಾದರೂ ವಿಶ್ರಾಂತಿ ಪಡೆಯಬೇಕಿತ್ತು. ವಾಷಿಂಗ್ಟನ್ನಿನಲ್ಲಿ ವಿಮಾನ ನಿರ್ಮಾಣದ ಕೆಲಸ, ಹಾರ್ವರ್ಡ್‌ನಲ್ಲಿ ಪಾಠ, ಎರಡರ ನಡುವೆ ರೈಲು ಪ್ರಯಾಣ. ಚಿಕಿತ್ಸೆಯನ್ನು ಮುಂದೂಡುತ್ತ ಬಂದರು. ಯುದ್ಧ ಮುಗಿದ ಎರಡೇ ತಿಂಗಳಲ್ಲಿ, 1919ರ ಜನವರಿ 10ರಂದು, ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಅಗಲಿದರು.

ಇಲಿನಾಯ್ ರಾಜ್ಯದ ಜಿನೀವಾ ಊರಿನಲ್ಲಿ ಜಾರ್ಜ್ ಫೇಬಿಯನ್ ಎಂಬ ಶ್ರೀಮಂತರು ಸೇಬಿನ್ ಅವರಿಗೆಂದೇ ರಿವರ್‌ಬ್ಯಾಂಕ್ ಎಂಬ ಧ್ವನಿ ಪ್ರಯೋಗಾಲಯವನ್ನು ಕಟ್ಟಿಸಿದ್ದರು. ಅಲ್ಲಿ ಕೆಲಸ ಮಾಡಲು ಅವರ ಆಯುಷ್ಯ ಸಾಲಲಿಲ್ಲ. ಬಂಧುವೂ ಭೌತಶಾಸ್ತ್ರಜ್ಞರೂ ಆದ ಪಾಲ್ ಸೇಬಿನ್ ಆ ಕೆಲಸವನ್ನು ಮುಂದುವರಿಸಿದರು. ಬಿಡಿ ಪ್ರಬಂಧಗಳೆಲ್ಲ 1922ರಲ್ಲಿ ಒಂದೇ ಸಂಪುಟವಾಗಿ ಹೊರಬಂದವು. ಹೀರಿಕೆಯ ಮಾನಕ್ಕೆ ಸೇಬಿನ್ ಎಂಬ ಹೆಸರೇ ನಿಂತಿತು.

ಚಿತ್ರಮಂದಿರದೊಳಗೆ ಸೇಬಿನ್

ಮಾತನಾಡುವ ಚಿತ್ರವನ್ನು ಸೇಬಿನ್ ನೋಡಲಿಲ್ಲ. ಅಮೆರಿಕದಲ್ಲಿ 1927ರಲ್ಲಿ, ಭಾರತದಲ್ಲಿ 1931ರ ಆಲಂ ಆರಾದೊಂದಿಗೆ, ಕನ್ನಡದಲ್ಲಿ 1934ರ ಸತಿ ಸುಲೋಚನದೊಂದಿಗೆ ಪರದೆಗೆ ಮಾತು ಬಂತು. ಮೂಕಿ ಚಿತ್ರದ ಕಾಲದ ದೊಡ್ಡ ಮಂದಿರಗಳಲ್ಲಿ ವಾದ್ಯಸಂಗೀತ ಚೆನ್ನಾಗಿ ಮೊಳಗುತ್ತಿತ್ತು, ಮಾತು ಬಂದೊಡನೆ ಅದೇ ಗುಣ ದೋಷವಾಯಿತು. ಆಗ ಎಂಜಿನಿಯರುಗಳು ಮೊರೆಹೊಕ್ಕದ್ದು ಸೇಬಿನ್ ಸೂತ್ರವನ್ನು.

ಒಂದು ಉದಾಹರಣೆಯನ್ನು ನಾವೇ ಲೆಕ್ಕ ಹಾಕಿ ನೋಡಬಹುದು. ತಾಲ್ಲೂಕು ಕೇಂದ್ರವೊಂದರಲ್ಲಿ 30 ಮೀಟರ್ ಉದ್ದ, 15 ಮೀಟರ್ ಅಗಲ, 8 ಮೀಟರ್ ಎತ್ತರದ ಮಂದಿರವಿದೆಯೆಂದು ಭಾವಿಸೋಣ. ಘನಗಾತ್ರ 3,600 ಘನ ಮೀಟರ್. ನೆಲ, ಚಾವಣಿ, ಗೋಡೆ ಸೇರಿ 1,620 ಚದರ ಮೀಟರ್. ಎಲ್ಲವೂ ಬರಿಯ ಗಾರೆಯಾದರೆ ಒಟ್ಟು ಹೀರಿಕೆ ಸುಮಾರು 40. ಅನುರಣನ 14 ಸೆಕೆಂಡನ್ನು ದಾಟುತ್ತದೆ. 450 ಜನ ಬಂದು ಕುಳಿತರೆ ಅವರಿಂದ 198 ಸೇರಿ, ಕಾಲ 2.4 ಸೆಕೆಂಡಿಗೆ ಇಳಿಯುತ್ತದೆ. ಸಂಭಾಷಣೆಗೆ ಅದೂ ಹೆಚ್ಚೇ. ಒಂದು ಸೆಕೆಂಡಿಗೆ ತರಬೇಕಾದರೆ ಇನ್ನೂ ಸುಮಾರು 340ರಷ್ಟು ಹೀರಿಕೆ ಬೇಕು. ಎರಡೂ ಪಕ್ಕದ ಗೋಡೆಗಳ 480 ಚದರ ಮೀಟರಿಗೆ ನೂರಕ್ಕೆ ಎಪ್ಪತ್ತು ಪಾಲು ಶಬ್ದ ಹೀರುವ ಹೊದಿಕೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಚಿತ್ರಮಂದಿರದ ಗೋಡೆಯ ಮೇಲೆ ಬಟ್ಟೆ ಹೊದಿಸಿದ ಹಲಗೆಗಳನ್ನು ಕಂಡು ಅದು ಅಲಂಕಾರವೆಂದು ತಿಳಿದವರುಂಟು. ಅವು ಸ್ಯಾಂಡರ್ಸ್ ರಂಗಮಂದಿರದ ಮೆತ್ತೆಗಳ ಮೊಮ್ಮಕ್ಕಳು. ಸೋಫಾದಂಥ ಮೆತ್ತನೆಯ ಆಸನಗಳಿಗೂ ಇದೇ ಕಾರಣ. ಪ್ರೇಕ್ಷಕ ಬಾರದ ದಿನ ಆತನ ಪಾಲಿನ ಶಬ್ದವನ್ನು ಆಸನ ಹೀರಬೇಕು.

ಗೋಡೆ ಸರಿಯಾದ ಮೇಲೆ ಯಂತ್ರದ ಸರದಿ. ಆಟವಿಲ್ಲದ ಹೊತ್ತಿನಲ್ಲಿ ತಂತ್ರಜ್ಞರು ಮಂದಿರದ ಹಿಂಭಾಗದ ಕಡೆಗೆ, ಪರದೆಯಿಂದ ಸುಮಾರು ಮೂರನೆಯ ಎರಡು ಪಾಲು ದೂರದಲ್ಲಿ, ಅಳತೆಯ ಮೈಕುಗಳನ್ನು ನಿಲ್ಲಿಸುತ್ತಾರೆ. ಜಲಪಾತದ ಮೊರೆತದಂತಿರುವ ಪಿಂಕ್ ನಾಯ್ಸ್ ಎಂಬ ಸದ್ದನ್ನು ಒಂದೊಂದೇ ಸ್ಪೀಕರಿನಿಂದ ಹೊರಡಿಸುತ್ತಾರೆ. ಪರದೆಯ ಹಿಂದಿನ ಎಡ, ನಡು, ಬಲದ ಸ್ಪೀಕರುಗಳು ತಲಾ 85 ಡೆಸಿಬೆಲ್, 5.1 ವ್ಯವಸ್ಥೆಯ ಎಡ ಮತ್ತು ಬಲದ ಸರೌಂಡ್ ಸಾಲುಗಳು ತಲಾ 82 ಡೆಸಿಬೆಲ್ ಇರುವಂತೆ ಹೊಂದಿಸುವುದು ರೂಢಿ. ಎತ್ತರದ ಸ್ವರಗಳು 2,000 ಕಂಪನಗಳಾಚೆ ನಯವಾಗಿ ಇಳಿಯುವಂತೆ, ಎಕ್ಸ್ ಕರ್ವ್ ಎಂಬ ಗೆರೆಗೆ ಹೊಂದುವಂತೆ ತಿದ್ದುತ್ತಾರೆ. ಶಬ್ದ 34 ಮೀಟರ್ ಸಾಗಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಆದ್ದರಿಂದ ಪಕ್ಕದ ಗೋಡೆಯ ಸ್ಪೀಕರಿನ ಸದ್ದನ್ನು ತುಸು ತಡೆದು ಬಿಡುತ್ತಾರೆ. ಮೊದಲು ಪರದೆಯ ಮಾತು ಕಿವಿಗೆ ಬೀಳಬೇಕು, ಸುತ್ತಲಿನ ಮಳೆಯೋ ಗಾಳಿಯೋ ಆಮೇಲೆ. ಹಾಗಾದಾಗ ಮಾತ್ರ ನಟನ ಮಾತು ನಟನ ಬಾಯಿಂದಲೇ ಬಂದಂತೆ ತೋರುತ್ತದೆ.

ಆದರೆ ಈ ಎಲ್ಲ ಹೊಂದಾಣಿಕೆಗೂ ಒಂದು ಮಿತಿಯಿದೆ. ಗುಂಡಿ ತಿರುಗಿಸಿ ಸ್ಪೀಕರನ್ನು ತಿದ್ದಬಹುದು, ಗೋಡೆಯನ್ನು ತಿದ್ದಲಾಗದು. ಅನುರಣನ ಹೆಚ್ಚಿದ್ದಲ್ಲಿ ಧ್ವನಿಯನ್ನು ಏರಿಸಿದರೆ ಗದ್ದಲವೂ ಅಷ್ಟೇ ಏರುತ್ತದೆ. ಮಾತು ಕೇಳಿಸದೆಂದು ಪ್ರೇಕ್ಷಕರು ಕೂಗಿದಾಗ ಧ್ವನಿ ಹೆಚ್ಚಿಸುವುದು ನಮ್ಮಲ್ಲಿ ಕಾಣುವ ವಾಡಿಕೆ. ನೂರು ವರ್ಷಗಳಿಗೂ ಹಿಂದೆಯೇ ಫಾಗ್ ಕೊಠಡಿ ಕಲಿಸಿದ ಪಾಠ ಅದಕ್ಕೆ ವಿರುದ್ಧವಾದುದು.

ರಾಜ್ಯದ ಸಣ್ಣ ಊರುಗಳಲ್ಲಿ ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿವೆ. ಕೆಲವು ಕಲ್ಯಾಣ ಮಂಟಪಗಳಾಗಿವೆ. ಉಳಿದವರು ಯಂತ್ರಕ್ಕೆ ಹಣ ಹೊಂದಿಸುವುದೇ ಕಷ್ಟವಾಗಿರುವಾಗ ಗೋಡೆಯ ಮಾತು ಯಾರಿಗೆ ಬೇಕು ಎನ್ನಬಹುದು. ಆದರೆ ಸೇಬಿನ್ ತೋರಿಸಿದ ದಾರಿ ಬಡವರದೂ ಹೌದು. ದಪ್ಪ ಪರದೆ, ಮೆತ್ತನೆಯ ಆಸನ, ತೆಂಗಿನ ನಾರಿನಂಥ ಸ್ಥಳೀಯ ವಸ್ತುವಿನ ಹೊದಿಕೆ, ಯಾವುದಾದರೂ ಸರಿ, ಲೆಕ್ಕಕ್ಕೆ ಸಿಕ್ಕರೆ ಸಾಕು. ಖಾಲಿ ಮಂದಿರದಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಅದು ಎಷ್ಟು ಹೊತ್ತು ಉಳಿಯುತ್ತದೆಂದು ಗಡಿಯಾರ ಹಿಡಿದು ನೋಡಲು ಯಾವ ಖರ್ಚೂ ಇಲ್ಲ. ಶಾಲೆಯ ಸಭಾಂಗಣಕ್ಕೂ, ಸಮುದಾಯ ಭವನಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ.

ಸೇಬಿನ್ ಅವರನ್ನು ರಾತ್ರಿಯೆಲ್ಲ ಎಚ್ಚರವಾಗಿರಿಸಿದ ಆ ಫಾಗ್ ಕಟ್ಟಡವನ್ನು 1973ರಲ್ಲಿ ಕೆಡವಲಾಯಿತು. ನಮ್ಮ ಕಡೆಯ ಬಯಲುಗಳ ಡೇರೆಗಳೂ ಈಗಿಲ್ಲ. ಉಳಿದಿರುವುದು ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಮುಟ್ಟಬೇಕೆಂದು ಹೊರಟ ಒಬ್ಬ ಮೇಷ್ಟರು ಬಿಟ್ಟುಹೋದ ಒಂದು ಸಾಲಿನ ಲೆಕ್ಕ. ಮುಂದಿನ ಬಾರಿ ಚಿತ್ರಮಂದಿರದಲ್ಲಿ ಪಿಸುಮಾತೂ ಸ್ಪಷ್ಟವಾಗಿ ಕೇಳಿಸಿದರೆ, ಸ್ಪೀಕರಿನ ಹೆಸರನ್ನು ಓದಿದ ಮೇಲೆ ಒಮ್ಮೆ ಗೋಡೆಯ ಕಡೆಗೂ ನೋಡಿದರೆ ತಪ್ಪಾಗಲಾರದು.